“ಪಿಚ್ಚರ್ ಹ್ಯಾಂಗಿದ್ದು? ಟಾಕೀಸಿಗೇ ಹೋಗವಾ?”

ಸಿರ್ಸಿಯಲ್ಲಿ ನನ್ನನ್ನು ಬಲ್ಲವರಿಗೆಲ್ಲ ನನ್ನ ಸಿನಿಮಾ ಹುಚ್ಚೂ ಗೊತ್ತು. ಹಾಗಾಗಿ ಮದುವೆಮನೆಯ ಪಂಕ್ತಿಯಲ್ಲಿ ಕುಳಿತಿದ್ದರೂ, ಅಡಿಕೆ ವಖಾರಿಯ ಎದುರು ನಿಂತಿದ್ದರೂ ಪಕ್ಕದಲ್ಲಿದ್ದವರು ಕೇಳುವ ಪ್ರಶ್ನೆ ಒಂದೇ: “ಪಿಚ್ಚರ್ ಹ್ಯಾಂಗಿದ್ದು ಮಾರಾಯಾ? ಟಾಕೀಸಿಗೇ ಹೋಗವಾ, ಮನೇಲಿ ನೋಡಿದ್ರೆ ಸಾಕಾ?” ಇದರ ಮೊದಲರ್ಧಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದು. ಉಳಿದರ್ಧಕ್ಕೆ ನಾನು ಕೊಡುವ ಉತ್ತರ ಮಾತ್ರ ಬಹಳ ಜನರಿಗೆ ತಲೆಕೆಳಗಾಗಿ ಕಾಣುವುದರಿಂದ, ಈಚೆಗೆ ನೋಡಿದ ಕೆಲವು ಚಿತ್ರಗಳನ್ನು ಮುಂದಿಟ್ಟುಕೊಂಡು ಅದನ್ನಿಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಬೆಂಗಳೂರಿನವರಿಗೆ ಈ ಪ್ರಶ್ನೆ ಅಷ್ಟೇನೂ ದೊಡ್ಡದೆನಿಸದಿರಬಹುದು. ನಮ್ಮಲ್ಲಿ ಹಾಗಲ್ಲ. ಊರಿನ ಟಾಕೀಸಿಗೆ ಬಾರದ ಚಿತ್ರವನ್ನು ನೋಡಬೇಕೆಂದರೆ ಸಿರ್ಸಿಯವರು ನೂರು ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಬೇಕು, ಕಾರವಾರದವರು ಕಾಳಿ ಸೇತುವೆ ದಾಟಿ ಗೋವೆಯ ಮಡಗಾಂವಿನ ದಾರಿ ಹಿಡಿಯಬೇಕು. ಹಳ್ಳಿಯ ಮನೆಯಿಂದ ನಾಲ್ಕು ಜನ ಹೊರಟರೆಂದರೆ ಟಿಕೆಟ್ಟಿನ ದುಡ್ಡಿಗಿಂತ ಬಸ್ಸು, ಊಟ, ಕಾಫಿಗಳ ಖರ್ಚೇ ಹೆಚ್ಚಾಗುತ್ತದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಎಮ್ಮೆಯಿದ್ದರೆ ಸಂಜೆಯೊಳಗೆ ಮನೆ ಸೇರಲೂ ಬೇಕು. ಇಷ್ಟೆಲ್ಲ ತಾಪತ್ರಯ ಮಾಡಿಕೊಂಡು ಹೋಗುವವರು ಲೆಕ್ಕ ಹಾಕುವುದು ಸಹಜವೇ. ಎಲ್ಲರೂ ಹಾಕುವ ಲೆಕ್ಕವೆಂದರೆ, ದೊಡ್ಡ ಖರ್ಚಿನ, ಯುದ್ಧ, ಬೆಂಕಿ, ಸಾವಿರಾರು ಜನರಿರುವ ಚಿತ್ರಗಳಿಗೆ ಟಾಕೀಸು, ನಾಲ್ಕೇ ಪಾತ್ರಗಳ ಸಣ್ಣ ಚಿತ್ರಗಳಿಗೆ ಮನೆಯ ಟಿವಿ ಅಥವಾ ಮೊಬೈಲು. ನನ್ನ ಅನುಭವ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಗದ್ದಲದ ಚಿತ್ರ ಎಲ್ಲಿ ನೋಡಿದರೂ ತನ್ನನ್ನು ತಾನು ನೋಡಿಸಿಕೊಳ್ಳುತ್ತದೆ, ಕತ್ತಲೆಯ ನೆರವು ಬೇಕಾಗುವುದು ಮೆಲುದನಿಯ ಚಿತ್ರಕ್ಕೆ.

‘ಕಾಂತಾರ: ಅಧ್ಯಾಯ 1’ 2025ರ ಅಕ್ಟೋಬರ್ 2ರಂದು ಬಿಡುಗಡೆಯಾದಾಗ ಈ ಪ್ರಶ್ನೆಯನ್ನು ಕೇಳದವರೇ ಇರಲಿಲ್ಲ. ಕತೆ ಕದಂಬರ ಕಾಲದ್ದೆಂದು ಮೊದಲಿಂದಲೇ ಪ್ರಚಾರವಾಗಿತ್ತು. ಕದಂಬರ ರಾಜಧಾನಿಯಾದ ಬನವಾಸಿ ಇರುವುದು ನಮ್ಮದೇ ತಾಲೂಕಿನಲ್ಲಿ, ಆದ್ದರಿಂದ ಮಧುಕೇಶ್ವರನ ಊರು ಪರದೆಯ ಮೇಲೆ ಹೇಗೆ ಕಂಡೀತೆಂಬ ಕುತೂಹಲ ಇಲ್ಲಿನವರಿಗೆ ತುಸು ಜಾಸ್ತಿಯೇ ಇತ್ತು. ಚಿತ್ರ ನಡೆಯುವುದಾದರೋ ಬಂಗರ ಸೀಮೆಯಲ್ಲಿ, ಅರಮನೆ ಮತ್ತು ಕಾಡಿನ ನಡುವೆ. ಅದು ತಪ್ಪೇನೂ ಅಲ್ಲ, ಕತೆ ಬೇಡಿದ ಜಾಗವೇ ಅದು. ರಥದ ಓಟದ ದೃಶ್ಯವನ್ನು ಕಟ್ಟಿದ ರೀತಿ ಮೆಚ್ಚುವಂಥದ್ದು, ರುಕ್ಮಿಣಿ ವಸಂತ್ ಅವರ ಪಾತ್ರಕ್ಕೆ ಕೊನೆಯಲ್ಲಿ ಸಿಗುವ ತಿರುವೂ ಚೆನ್ನಾಗಿದೆ. ಆದರೆ ಕಾದಾಟದ ಮೇಲೆ ಕಾದಾಟ ಬರುತ್ತ ಹೋದ ಹಾಗೆ ಕಣ್ಣು ದಣಿಯಿತು, ಕಿವಿಯಂತೂ ಅದಕ್ಕಿಂತ ಮೊದಲೇ ಸೋತಿತ್ತು. ಆಮೇಲೆ ಅದನ್ನೇ ಮನೆಯಲ್ಲಿ, ನಡುನಡುವೆ ಎದ್ದು ಚಹಾ ಮಾಡಿಕೊಂಡು ಬಂದು ನೋಡಿದಾಗ ಕಳೆದುಕೊಂಡದ್ದೇನೂ ಹೆಚ್ಚಿಲ್ಲವೆಂದೇ ಅನ್ನಿಸಿತು. ಯಾವ ದೃಶ್ಯದಲ್ಲಿ ತಲೆಯೆತ್ತಿ ನೋಡಬೇಕೆಂಬುದನ್ನು ಹಿನ್ನೆಲೆ ಸಂಗೀತವೇ ಕೂಗಿ ಹೇಳುತ್ತದೆ.

ಹಾಗಾದರೆ 2022ರ ‘ಕಾಂತಾರ’ದ ಮಾತೇನು ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಚಿತ್ರದ ಕೊನೆಯ ಇಪ್ಪತ್ತು ನಿಮಿಷವನ್ನು ಟಾಕೀಸಿನಲ್ಲಿ ನೋಡಿದವರಿಗೂ ಮೊಬೈಲಿನಲ್ಲಿ ನೋಡಿದವರಿಗೂ ದಕ್ಕಿದ್ದು ಬೇರೆ ಬೇರೆ ಅನುಭವ ಎಂಬುದನ್ನು ಒಪ್ಪುತ್ತೇನೆ. ನನ್ನ ಲೆಕ್ಕಕ್ಕೆ ಅದಕ್ಕೆ ಕಾರಣ ಅಲ್ಲಿನ ಬೆಂಕಿಯೂ ಅಲ್ಲ, ಹೊಡೆದಾಟವೂ ಅಲ್ಲ. ಗುಳಿಗ ದೈವದ ಆವೇಶ ಇಳಿದ ಮೇಲೆ ಕಥಾನಾಯಕ ಶಿವ ಊರವರ ಕೈಗಳನ್ನೂ ಅರಣ್ಯ ಇಲಾಖೆಯ ಅಧಿಕಾರಿಯ ಕೈಯನ್ನೂ ಹಿಡಿದು ಒಂದುಗೂಡಿಸುವ ಭಾಗದಲ್ಲಿ ಮಾತಿಲ್ಲ. ತುಂಬಿದ ಟಾಕೀಸಿನಲ್ಲಿ ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದು ನನಗೆ ಇಂದಿಗೂ ನೆನಪಿದೆ. ಹೊರಗಿನವರು ಕರಾವಳಿಯೆಂದರೆ ಎಲ್ಲವೂ ಒಂದೇ ಎಂದುಕೊಂಡು ನಮ್ಮನ್ನೂ ‘ನಿಮ್ಮ ಭೂತಕೋಲ’ ಎಂದು ಮಾತನಾಡಿಸುವುದುಂಟು. ಕೋಲ ತುಳುನಾಡಿನದು. ನಮ್ಮ ಕಡೆ ಚೌಡಿ, ಭೂತಪ್ಪ, ಜಟಕರ ನಡೆನುಡಿಯೇ ಬೇರೆ. ಹೀಗೆ ಸಂಪ್ರದಾಯ ಬೇರೆಯಾಗಿದ್ದರೂ ದೈವದ ಮುಂದೆ ಕೈಕಟ್ಟಿ ನಿಲ್ಲುವ ಜನರ ಮುಖಭಾವ ನಮಗೆ ಪರಿಚಿತವಾದ್ದರಿಂದ ಆ ಮೌನ ಇಲ್ಲಿಯೂ ನಾಟಿತು.

ಇನ್ನು ಸಣ್ಣ ಚಿತ್ರಗಳ ವಿಷಯ. ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’ 2025ರ ಮಾರ್ಚ್‌ನಲ್ಲಿ ತೆರೆಗೆ ಬಂತು. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದರ ಹುಡುಗನೊಬ್ಬ ಮುಂಬೈಯಿಂದ ಉಡುಪಿಯ ಕಡೆಯ ಸಂಬಂಧಿಕರ ಮನೆಗೆ ಬಂದು, ಹೊಸ ಮಾತು, ಹೊಸ ಶಾಲೆ, ಹೊಸ ಓರಗೆಯವರ ನಡುವೆ ತನ್ನ ದುಃಖವನ್ನು ಯಾರಿಗೂ ತೋರಿಸದೆ ಓಡಾಡುತ್ತಾನೆ, ಅಷ್ಟೇ ಕತೆ. ಕುಮಟಾ, ಅಂಕೋಲಾದ ಕಡೆಯ ಎಷ್ಟೋ ಮನೆಗಳಿಗೆ ಮುಂಬೈ ನಂಟಿದೆ. ರಜೆಯಲ್ಲಿ ಬಂದ ಮಕ್ಕಳು ಅಂಗಳದ ಅಂಚಿನಲ್ಲಿ ನಿಂತು ಆಟಕ್ಕೆ ಸೇರಬೇಕೋ ಬೇಡವೋ ಎಂದು ನೋಡುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆತೀಶ್ ಶೆಟ್ಟಿ ಎಂಬ ಹುಡುಗ ಇಡೀ ಚಿತ್ರದಲ್ಲಿ ನಿಲ್ಲುವುದು ಹೆಚ್ಚುಕಡಿಮೆ ಹಾಗೆಯೇ. ಅವನು ಅಳುವುದಿಲ್ಲ, ನಮ್ಮನ್ನು ಅಳಿಸಲು ಸಂಗೀತವೂ ಬರುವುದಿಲ್ಲ. ಅವನ ಮುಖವನ್ನೇ ನೋಡುತ್ತ ಕೂರಬೇಕು, ಆ ಹೊತ್ತಿಗೆ ಮೊಬೈಲು ಒಮ್ಮೆ ‘ಟಿಣ್’ ಎಂದರೆ ಆ ದೃಶ್ಯ ಕೈತಪ್ಪಿದಂತೆಯೇ. ಈ ಚಿತ್ರ ನಮ್ಮಲ್ಲಿಗೆ ಬರಲೇ ಇಲ್ಲ. ಅದಕ್ಕೆಂದು ಹುಬ್ಬಳ್ಳಿಯ ದಾರಿ ಹಿಡಿದದ್ದು ನನ್ನ ಮಟ್ಟಿಗೆ ಸಾರ್ಥಕವಾಯಿತು.

ಇದಕ್ಕೆ ಎದುರಾದ ಅನುಭವ ಮಲಯಾಳದ ‘ಉಳ್ಳೊಳುಕ್ಕು’ ಚಿತ್ರದ್ದು. 2024ರಲ್ಲಿ ಬಂದ, ಕ್ರಿಸ್ಟೊ ಟೋಮಿ ನಿರ್ದೇಶಿಸಿದ ಈ ಚಿತ್ರದಲ್ಲಿ ಕುಟ್ಟನಾಡಿನ ಮನೆಯೊಂದರ ಮಗ ತೀರಿಕೊಳ್ಳುತ್ತಾನೆ. ನೆರೆ ಇಳಿಯದೆ ಹೂಳಲು ಜಾಗವಿಲ್ಲ. ಶವಸಂಸ್ಕಾರ ಮುಂದೆ ಹೋಗುತ್ತ ಇರುವಾಗ, ನೀರು ತುಂಬಿದ ಆ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಅಷ್ಟು ದಿನ ಮುಚ್ಚಿಟ್ಟದ್ದೆಲ್ಲ ಒಂದೊಂದಾಗಿ ಹೊರಬೀಳುತ್ತದೆ. ಅತ್ತೆಯಾಗಿ ಊರ್ವಶಿ, ಸೊಸೆಯಾಗಿ ಪಾರ್ವತಿ ನಟಿಸಿದ್ದಾರೆ, ಊರ್ವಶಿಯವರಿಗೆ ಅತ್ಯುತ್ತಮ ಪೋಷಕ ನಟಿಯ ರಾಷ್ಟ್ರಪ್ರಶಸ್ತಿಯೂ ಬಂತು. ನಾನಿದನ್ನು ಮನೆಯಲ್ಲಿ, ಅದೂ ಆಷಾಢದ ಮಳೆಯಲ್ಲಿ ನೋಡಿದೆ. ಹಂಚಿನ ಮೇಲೆ ಬೀಳುತ್ತಿದ್ದ ಮಳೆ ಯಾವುದು, ಚಿತ್ರದೊಳಗಿನ ಮಳೆ ಯಾವುದು ಎಂದು ತಿಳಿಯದಷ್ಟು ಶಬ್ದ. ಅತ್ತೆ ಸೊಸೆ ಪಿಸುಮಾತಿನಲ್ಲಿ ಆಡಿದ್ದನ್ನೆಲ್ಲ ಕೆಳಗಿನ ಅಕ್ಷರಗಳಲ್ಲಿ ಓದಿ ತಿಳಿದುಕೊಳ್ಳಬೇಕಾಯಿತು. ನಡುವೆ ಕರೆಂಟು ಹೋಯಿತು, ಅದರ ಹಿಂದೆಯೇ ಟವರೂ ಹೋಯಿತು. ಉಳಿದರ್ಧವನ್ನು ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ನೋಡಿದೆ. ಅದು ನಾನು ಈಚೆಗೆ ಕಂಡ ಅತ್ಯುತ್ತಮ ನಟನೆಗಳಲ್ಲಿ ಒಂದೆಂದು ಬುದ್ಧಿಗೆ ತಿಳಿಯುತ್ತದೆಯಾದರೂ, ಆ ಉಸಿರುಕಟ್ಟುವಿಕೆ ಮೈಗೆ ತಾಗಲಿಲ್ಲ. ನೆರೆಯ ನೀರಿನಂತೆಯೇ ನಿಧಾನವಾಗಿ ಏರಬೇಕಾದ ಚಿತ್ರ ಅದು. ಅರ್ಧ ರಾತ್ರಿ, ಅರ್ಧ ಬೆಳಿಗ್ಗೆ ನೋಡಿದರೆ ಏರಲು ಅದಕ್ಕೆ ಅವಕಾಶವೆಲ್ಲಿ?

ನಮ್ಮ ಜಿಲ್ಲೆಯವರೇ ಆದ ನಟೇಶ ಹೆಗಡೆಯವರ ‘ಪೆಡ್ರೊ’ ಚಿತ್ರದ ಬಗ್ಗೆಯೂ ಬಹಳ ಜನ ಕೇಳುತ್ತಾರೆ, ಹೆಚ್ಚಾಗಿ ‘ಅದರಲ್ಲಿ ಏನೂ ಆಗ್ತಿಲ್ಯಡ’ ಎಂಬ ಅನುಮಾನದ ಜೊತೆಗೆ. 2021ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋದ, ರಿಷಬ್ ಶೆಟ್ಟಿಯವರು ನಿರ್ಮಿಸಿದ ಚಿತ್ರ ಅದು. ಊರಿನಲ್ಲಿ ಕರೆಂಟು ಕೆಲಸ ಮಾಡಿಕೊಂಡಿರುವ ಪೆಡ್ರೊ, ತೋಟ ಕಾಯುವ ಕೆಲಸಕ್ಕೆ ಹೋಗಿ, ಕೈತಪ್ಪಿ ಆಕಳೊಂದನ್ನು ಕೊಲ್ಲುತ್ತಾನೆ. ಅಲ್ಲಿಂದ ಮುಂದೆ ಊರು ಅವನ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಚಿತ್ರ. ಪೆಡ್ರೊ ಆಗಿ ನಟಿಸಿದವರು ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರು, ಜೀವನದಲ್ಲಿಯೂ ಅವರದು ಕರೆಂಟು ಕೆಲಸವೇ. ಅದು ಅವರ ಕೈಗಳಲ್ಲಿ ಕಾಣುತ್ತದೆ. ನಟನಾದವನು ಎಷ್ಟು ಅಭ್ಯಾಸ ಮಾಡಿದರೂ ಕೆಲಸದವನ ಆ ಉದಾಸೀನದ ಹಿಡಿತ ಬರುವುದು ಕಷ್ಟ. ಕ್ಯಾಮೆರಾ ದೂರದಲ್ಲಿ ಬಹಳ ಹೊತ್ತು ಅಲುಗದೆ ನಿಲ್ಲುತ್ತದೆ, ಮನುಷ್ಯರು ತೋಟದ ಹಸಿರಿನೊಳಗೆ ಸಣ್ಣದಾಗಿ ಓಡಾಡುತ್ತಾರೆ, ಮಾತು ನಮ್ಮ ಮನೆಯ ಮಾತೇ. ಇಂಥದ್ದನ್ನು ಆರಿಂಚಿನ ಪರದೆಯಲ್ಲಿ ನೋಡಿದವರಿಗೆ ಏನೂ ಆಗದಂತೆ ಕಂಡರೆ ಅದು ಅವರ ದೋಷವಲ್ಲ, ಆಗುತ್ತಿರುವುದೆಲ್ಲ ಅಷ್ಟು ಚಿಕ್ಕ ಪರದೆಯಲ್ಲಿ ಕಾಣುವುದೇ ಇಲ್ಲ. ಒಂದು ಪ್ರದರ್ಶನದಲ್ಲಿ ದೊಡ್ಡ ಪರದೆಯ ಮೇಲೆ ನೋಡಲು ಸಿಕ್ಕಿದ್ದರಿಂದ ನನಗೆ ಅದು ದಕ್ಕಿತು. ಅವರ ಎರಡನೆಯ ಚಿತ್ರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಅಮರೇಶ ನುಗಡೋಣಿಯವರ ಕತೆಗಳನ್ನು ಆಧರಿಸಿದ ಅದು ನನಗಿನ್ನೂ ನೋಡಲು ಸಿಕ್ಕಿಲ್ಲ. ಬರ್ಲಿನ್ನಿನವರು ನೋಡಿದ ನಮ್ಮ ಘಟ್ಟದ ಕತೆಯನ್ನು ಘಟ್ಟದವರು ಕಾದು ಕುಳಿತು ನೋಡಬೇಕಾಗಿರುವುದು ವಿಚಿತ್ರ.

ಮೌನದ ಚಿತ್ರಗಳಂತೆ ಟಾಕೀಸು ಬೇಡುವ ಇನ್ನೊಂದು ಜಾತಿಯೆಂದರೆ ನಗೆಯದು. ಜೆ.ಪಿ. ತುಮಿನಾಡ್ ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ತಾವೇ ಮಾಡಿದ ‘ಸು ಫ್ರಮ್ ಸೋ’ 2025ರ ಜುಲೈ 25ಕ್ಕೆ ಬಂದಾಗ ಅದರಲ್ಲಿ ದೊಡ್ಡ ಹೆಸರುಗಳಾಗಲಿ, ಪ್ರಚಾರದ ಅಬ್ಬರವಾಗಲಿ ಇರಲಿಲ್ಲ. ಕರಾವಳಿಯ ಹಳ್ಳಿಯ ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನೆಯ ದೆವ್ವ ಬಂದಿದೆಯೆಂದು ಊರೇ ನಂಬುವ ಕತೆ ಬಾಯಿಂದ ಬಾಯಿಗೆ ಹರಡಿಯೇ ಗೆದ್ದಿತು. ಶನೀಲ್ ಗೌತಮ್ ಅವರ ರವಿಯಣ್ಣ ಬಾಯಿ ತೆರೆಯುವ ಮೊದಲೇ ಜನ ನಗಲು ಶುರುಮಾಡಿದ್ದರು. ಅಂಥ ನಗು ಒಬ್ಬನೇ ಕೂತವನಿಗೆ ಬರುವುದಿಲ್ಲ. ಅಲ್ಲಿನ ಮಂಗಳೂರು ಕಡೆಯ ಕನ್ನಡ ಹೊನ್ನಾವರ, ಕುಮಟೆಯ ಮಾತಿಗಿಂತ ಬೇರೆಯಾದರೂ, ಯಾರದೋ ಮನೆಯಲ್ಲಿ ಏನೋ ಆಯಿತೆಂದರೆ ಇಡೀ ಊರು ಪಂಚಾಯ್ತಿಗೆ ಕೂರುವ ರೀತಿ ನಮ್ಮದೂ ಹೌದು. ಉಳಿದರ್ಧದಲ್ಲಿ ಚಿತ್ರ ಗಂಭೀರವಾಗಿ ಎಳೆಯಿತು ಎಂದು ದೂರುವವರಿದ್ದಾರೆ. ನನಗಂತೂ ಸುಲೋಚನೆಯ ಮಗಳು ಭಾನುವಿನ ಸಂಕಟ ಬಂದ ಮೇಲೆಯೇ ಚಿತ್ರಕ್ಕೆ ತೂಕ ಬಂದಂತೆ ಕಂಡಿತು, ಅದಿಲ್ಲದಿದ್ದರೆ ಅದು ಒಳ್ಳೆಯ ಪ್ರಹಸನವಾಗಿ ಉಳಿಯುತ್ತಿತ್ತು.

ಮನೆಯಲ್ಲೇ ನೋಡಿದರೆ ಸಾಕು ಎಂದು ನಾನು ಹೇಳುವ ಒಳ್ಳೆಯ ಚಿತ್ರಗಳೂ ಇವೆ. 2024ರ ‘ಶಾಖಾಹಾರಿ’ ಅಂಥದ್ದು. ಮಲೆನಾಡಿನ ಸಣ್ಣ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು ಅವರದು ಅಪರೂಪದ ಕೆಲಸ, ಕೊಲೆಯ ಕತೆಯಾದರೂ ಮಾತು ಮತ್ತು ಮುಖಗಳ ಮೇಲೆ ನಡೆಯುತ್ತದೆ, ನಡುವೆ ಎದ್ದು ಬಂದರೂ ಎಳೆ ಸಿಗುತ್ತದೆ. ಹಿಂದಿಯ ‘ಲಾಪತಾ ಲೇಡೀಸ್’ ಚಿತ್ರವೂ ಹಾಗೆಯೇ, ಮನೆಮಂದಿ ನಡುನಡುವೆ ಮಾತನಾಡಿಕೊಂಡು ನೋಡಿದರೆ ಅದರ ರುಚಿ ಹೆಚ್ಚೇ ಆದೀತು.

ಕತೆ ಮೊದಲೇ ಹೇಳಿಬಿಡುತ್ತೀರಿ ಎಂಬ ಆಕ್ಷೇಪವನ್ನು ಹುಡುಗರು ಮಾಡುತ್ತಾರೆ, ಹಿರಿಯರು ಮಾಡುವುದಿಲ್ಲ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಜನ ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ಹೊನ್ನಾವರದಿಂದ ಸಿದ್ದಾಪುರದವರೆಗೂ ರಾತ್ರಿ ನಿದ್ದೆಗೆಟ್ಟು ಹೋಗುತ್ತಿದ್ದರು. ಅದೇ ಪ್ರಸಂಗ, ಅದೇ ಪದ್ಯ, ಆದರೆ ಆ ದಿನ ಕಲಾವಿದ ಹೇಗೆ ಮಾಡುತ್ತಾನೆ ಎಂಬುದೇ ಮುಖ್ಯ. ಇಂಥ ಆಟ ನೋಡಿ ಬೆಳೆದವನಾದ ನನಗೆ, ಕತೆ ತಿಳಿದೊಡನೆ ಸಪ್ಪೆಯಾಗುವ ಚಿತ್ರದ ಬಗ್ಗೆ ಮೊದಲಿಂದಲೂ ಗುಮಾನಿ. ಮೇಲಿನ ಚಿತ್ರಗಳಲ್ಲಿ ಯಾವುದನ್ನೂ ನಾನು ಹೇಳಿದ್ದರಿಂದ ಯಾರಿಗೂ ನಷ್ಟವಾಗದು.

ಇನ್ನು ಯಾವಾಗ ಹೋಗಬೇಕೆಂಬ ಪ್ರಶ್ನೆ. ದೊಡ್ಡ ಚಿತ್ರಕ್ಕೆ ಮೊದಲ ದಿನವೇ ನುಗ್ಗುವುದು, ಸಣ್ಣದಕ್ಕೆ ‘ನೋಡಿದವರು ಏನನ್ನುತ್ತಾರೋ ನೋಡೋಣ’ ಎಂದು ಕಾಯುವುದು ನಮ್ಮ ರೂಢಿ. ಸಣ್ಣ ಚಿತ್ರ ಶುಕ್ರವಾರ ಬಂದರೆ ಮುಂದಿನ ಗುರುವಾರದವರೆಗೆ ಉಳಿಯುವುದೇ ಕಷ್ಟ, ಅದರಲ್ಲೂ ಮೊದಲ ಮೂರು ದಿನ ಜನ ಬಾರದಿದ್ದರೆ ಸೋಮವಾರದಿಂದ ಆಟಗಳ ಸಂಖ್ಯೆಯೇ ಇಳಿಯುತ್ತದೆ. ಆದ್ದರಿಂದ ಕೇಳಿದವರಿಗೆಲ್ಲ ನಾನು ಹೇಳುವುದು: ಹೆಸರು ಕೇಳಿರದ, ಪೋಸ್ಟರಿನಲ್ಲಿ ಕತ್ತಿ ಬಂದೂಕುಗಳಿಲ್ಲದ ಚಿತ್ರವೊಂದು ನಿಮ್ಮ ಊರಿನ ಟಾಕೀಸಿಗೋ ಹುಬ್ಬಳ್ಳಿಗೋ ಬಂದಿದ್ದರೆ ಶನಿವಾರ, ಭಾನುವಾರದೊಳಗೆ ಹೋಗಿಬನ್ನಿ. ದೊಡ್ಡ ಚಿತ್ರಕ್ಕೆ ಎರಡನೆಯ ವಾರ ಹೋದರೂ ನಡೆಯುತ್ತದೆ, ಅಷ್ಟರೊಳಗೆ ಸಿಳ್ಳೆ ಹೊಡೆಯುವವರೂ ಕಡಿಮೆಯಾಗಿರುತ್ತಾರೆ.