ಮುಳುಗುವ ಲೂರ್, ಬಾಯಲ್ಲಿ ಲೆಕ್ಕ: ಬಾಸ್ ಮೀನಿನ ಹಿಂದೆ ಐದು ವಾರ

ಮೊದಲ ವಾರ

ಸೊನ್ನೆ. ಬೆಳಗಿನ ಅರ್ಧ ಗಂಟೆ ಬಿಟ್ಟರೆ ತೇಲುವ ಲೂರ್ (ಮೀನನ್ನು ಸೆಳೆಯುವ ಕೃತಕ ಆಮಿಷ) ಕಡೆ ಬಾಸ್ ತಿರುಗಿಯೂ ನೋಡಲಿಲ್ಲ. ಬಿಸಿಲೇರಿದಂತೆ ಮೀನು ಆಳಕ್ಕೆ ಇಳಿದಿತ್ತು, ನಾನು ಸುಮ್ನೆ ನೀರಿನ ಮೇಲೆ ಆಟವಾಡುತ್ತಿದ್ದೆ. ಹಾಗಾಗಿ ಮುಳುಗುವ ಲೂರ್ ಮೂರು ಬಗೆಯವು ತಂದೆ. ಒಳಗೆ ಗುಂಡು ಗಲಗಲ ಅನ್ನುವ, ಮೂತಿಗೆ ತುಟಿಯಂಥ ಪಟ್ಟಿ ಇಲ್ಲದ, ಮೀನಿನಾಕಾರದ ಕ್ರ್ಯಾಂಕ್‌ಬೇಟ್ ಒಂದು, 10 ಗ್ರಾಂ ಜಿಗ್ (ಲೋಹದ ತಲೆಯ ಕೊಕ್ಕೆ) ಒಂದು, ಐದು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳುಗಳ ಪ್ಯಾಕೆಟ್ ಒಂದು. ಮೂರನ್ನೂ ಬಣ್ಣ ನೋಡಿ ಆರಿಸಿದ್ದೆ. ಎಷ್ಟು ಬೇಗ ಮುಳುಗುತ್ತವೆ ಅಂತ ನೋಡಿಯೇ ಇರಲಿಲ್ಲ.

ಎರಡನೇ ವಾರ

ನೀರಿಗೆ ಹೋಗಲಿಲ್ಲ, ಮನೆಯ ಡ್ರಮ್ ತುಂಬಿಸಿದೆ. 90 ಸೆಂಟಿಮೀಟರ್ ಇಳಿಯಲು ಜಿಗ್‌ಗೆ ಒಂದು ಸೆಕೆಂಡ್ ಚಿಲ್ಲರೆ, ಕ್ರ್ಯಾಂಕ್‌ಬೇಟ್‌ಗೆ ಎರಡರ ಹತ್ತಿರ, ತೂಕ ಕಟ್ಟದ ಹುಳುವಿಗೆ ನಾಲ್ಕೂವರೆ. ಹುಳುವಿನ ಪ್ಲಾಸ್ಟಿಕ್‌ನಲ್ಲಿ ಉಪ್ಪು ಬೆರೆಸಿರುತ್ತಾರೆ, ಅದಕ್ಕೇ ತೂಕವಿಲ್ಲದೆಯೂ ಮುಳುಗುತ್ತದೆ. ಇಳಿಯುವಾಗ ಎರಡೂ ತುದಿ ಸಣ್ಣಗೆ ನಡುಗುತ್ತವೆ. ಅದನ್ನು ನೋಡ್ತಾ ಡ್ರಮ್ ಪಕ್ಕದಲ್ಲಿ ಒಂದು ಗಂಟೆ ಕೂತೆ. ಮನೆಯವರು ಏನೂ ಕೇಳಲಿಲ್ಲ, ಅದೇ ಪುಣ್ಯ.

ಮೂರನೇ ವಾರ

ಡ್ರಮ್‌ನ ಲೆಕ್ಕ ನೀರಲ್ಲಿ ಕೆಟ್ಟಿತು. ಕಾರಣ ದಾರ. ನನ್ನ ರೀಲ್‌ನಲ್ಲಿ ಇದ್ದದ್ದು ಹೆಣೆದ ದಾರ, ಅದು ತೇಲುತ್ತದೆ. ಗಾಳಿ ಬೀಸಿದರೆ ನೀರಿನ ಮೇಲೆ ಬಿಲ್ಲಿನಂತೆ ಬಾಗಿ, ಹಗುರ ಹುಳುವನ್ನು ಎಳೆದುಕೊಂಡೇ ಹೋಗುತ್ತದೆ. ಫ್ಲೋರೋಕಾರ್ಬನ್ ದಾರ ನೀರಿಗಿಂತ ಭಾರ, ತಾನೇ ಮುಳುಗುತ್ತದೆ. ಮುಂದಿನ ಎರಡು ಮೀಟರ್ ಅದನ್ನು ಕಟ್ಟಿದ ಮೇಲೆ ಸ್ವಲ್ಪ ವಾಸಿ.

ಇನ್ನೊಂದು ತಪ್ಪು ನನ್ನ ಕೈಯದು. ಎಸೆದ ಕೂಡಲೇ ದಾರ ಬಿಗಿ ಹಿಡಿಯುತ್ತಿದ್ದೆ. ಆಗ ಲೂರ್ ನೇರ ಕೆಳಗೆ ಬೀಳುವುದಿಲ್ಲ, ಉಯ್ಯಾಲೆಯ ಹಾಗೆ ನನ್ನ ಕಡೆಗೇ ತೂಗಿಕೊಂಡು ಬರುತ್ತದೆ. ಜೊಂಡಿನ ಅಂಚಿಗೆ ಎಸೆದದ್ದು ಅಂಚಿನಿಂದ ಮಾರು ದೂರ ಬಂದು ತಳ ಮುಟ್ಟುತ್ತಿತ್ತು. ಪೂರ್ತಿ ಸಡಿಲ ಬಿಟ್ಟರೆ ಮೀನು ಕಚ್ಚಿದ್ದು ತಿಳಿಯುವುದಿಲ್ಲ. ಎರಡರ ನಡುವೆ, ದಾರ ಸ್ವಲ್ಪ ಜೋತು ಬಿದ್ದಿರಬೇಕು. ಹೇಳೋದು ಸುಲಭ!

ಲೂರ್ ನೀರು ಮುಟ್ಟಿದಾಗಿನಿಂದ ಎಣಿಸುವುದನ್ನೂ ಇದೇ ವಾರ ಶುರು ಮಾಡಿದೆ. ದಾರ ಸಡಿಲಾದರೆ ತಳ ಸಿಕ್ಕಿತು ಅಂತ ಅರ್ಥ. ಕ್ರ್ಯಾಂಕ್‌ಬೇಟ್ ಎಂಟಕ್ಕೆ ತಳ ಮುಟ್ಟಿದರೆ ಮುಂದಿನ ಎಸೆತದಲ್ಲಿ ಆರಕ್ಕೇ ಸುತ್ತಲು ಶುರು, ಕಳೆಗಿಂತ ಸ್ವಲ್ಪ ಮೇಲೆ ಬರುತ್ತದೆ. ಕಳೆಗೆ ಸಿಕ್ಕಿಕೊಂಡರೆ ರಾಡ್ ಒಮ್ಮೆ ಜಾಡಿಸಿ ಬಿಡಿಸಬೇಕು. ಬಿಡಿಸಿಕೊಂಡ ಆ ಗಳಿಗೆಯಲ್ಲೇ ಬಾಸ್ ಮೇಲೆರಗುತ್ತದೆ ಅಂತ ಹಳಬರು ಹೇಳುತ್ತಾರೆ. ನನಗೆ ಸಿಕ್ಕಿದ್ದು ಬರೀ ಕಳೆ.

ಒಂದು ಎಸೆತದಲ್ಲಿ ಹುಳು ಒಂಬತ್ತಕ್ಕೇ ನಿಂತಿತು. ಅಲ್ಲಿ ತಳ ಹದಿನಾಲ್ಕಕ್ಕೆ. ನಡುವೆ ದಿಬ್ಬ ಇರಬಹುದು ಅಂದುಕೊಂಡು ಹಾಗೇ ಕಾದೆ. ಸುತ್ತಿಕೊಂಡು ನೋಡಿದರೆ ಹುಳು ಕೊಕ್ಕೆಯಿಂದ ಮೇಲಕ್ಕೆ ಜರುಗಿತ್ತು, ಬಾಲ ಹರಿದಿತ್ತು.

ನಾಲ್ಕನೇ ವಾರ

ಜಿಗ್ ಕಲ್ಲಿನ ಸಂದಿಗೆ ಹೋಯಿತು. ಹೊಸದು ಟಂಗ್‌ಸ್ಟನ್‌ದು. ಸೀಸಕ್ಕಿಂತ ಹೆಚ್ಚು ಸಾಂದ್ರ, ಅದೇ 10 ಗ್ರಾಂ ಸಣ್ಣ ತಲೆಯಲ್ಲೇ ಮುಗಿಯುತ್ತದೆ. ಕಲ್ಲಿಗೆ ತಾಗಿದ್ದು ಕೈಗೆ ಟಕ್ ಅಂತ ಬರುತ್ತದೆ.

ಐದನೇ ವಾರ

ಹುಳು, ಜೊಂಡಿನ ಅಂಚು, ಮೋಡ. ಎರಡು ಎಸೆತದಲ್ಲಿ ತಳ ಹದಿಮೂರಕ್ಕೆ, ಹದಿಮೂರಕ್ಕೆ. ಮೂರನೆಯದರಲ್ಲಿ ಏಳಕ್ಕೆ ದಾರ ನಿಂತಿತು. ಎಳೆತವಿಲ್ಲ, ಟಕ್ ಇಲ್ಲ. ಸುಮ್ಮನೆ ಎಣಿಕೆ ಮುಗಿಯುವ ಮೊದಲೇ ನಿಂತಿತು, ಅಷ್ಟೇ. ಈ ಸಲ ದಿಬ್ಬದ ಯೋಚನೆ ಮಾಡಲಿಲ್ಲ. ಸಡಿಲ ಸುತ್ತಿಕೊಂಡು ರಾಡ್ ಎತ್ತಿದೆ, ಭಾರ ಪಕ್ಕಕ್ಕೆ ಓಡಿತು.

38 ಸೆಂಟಿಮೀಟರ್. ಕೊಕ್ಕೆ ಮೇಲ್ದುಟಿಯ ಮೂಲೆಯಲ್ಲಿತ್ತು. ತಡ ಮಾಡಿದ್ದರೆ ಗಂಟಲಿಗೆ ಇಳಿದಿರುತ್ತಿತ್ತು, ಬಿಡಿಸುವುದು ಕಷ್ಟ. ನೀರಲ್ಲೇ ಬಿಡಿಸಿ ಕಳಿಸಿದೆ.

ಮೂರನೇ ವಾರದ ಪುಟ ತೆಗೆದು 'ದಿಬ್ಬ?' ಅಂತ ಬರೆದಿದ್ದನ್ನು ಹೊಡೆದು ಹಾಕಿದೆ. ಮುಂದಿನ ವಾರ ಹುಳುವಿನ ತಲೆಗೆ ಒಂದು ಗ್ರಾಂ ಮೊಳೆ ಚುಚ್ಚಿ ನೋಡಬೇಕು. ಮೊದಲು ಡ್ರಮ್‌ನಲ್ಲಿ.