ಮರಿ ನಿದ್ದೆಯಲ್ಲಿ ಅಳುತ್ತಿದೆ ಅಂದಾಗ ನಾನು ಕೇಳುವ ಮೊದಲ ಪ್ರಶ್ನೆ

ನಾಯಿ ಬೆಕ್ಕು ನೋಡುವ ಡಾಕ್ಟರ್‌ಗೆ ಒಂದು ಬಗೆಯ ಫೋನ್ ತಪ್ಪದೆ ಬರುತ್ತದೆ. ಹೊತ್ತು ರಾತ್ರಿ. ಮನೆಗೆ ನಾಯಿಮರಿ ಬಂದು ಇನ್ನೂ ವಾರ ಆಗಿರುವುದಿಲ್ಲ. "ಡಾಕ್ಟ್ರೇ, ಮಲಗಿದ ಮೇಲೆ ಕುಂಯ್ ಕುಂಯ್ ಅಂತ ಅಳ್ತಾ ಇದೆ. ಮಧ್ಯೆ ಒಂದ್ಸಲ ಜೋರಾಗಿ ಕಿರುಚ್ತು. ಕಾಲು ಬೇರೆ ಒದೀತಾ ಇದೆ. ಫಿಟ್ಸ್ ಇರಬಹುದಾ?" ಮರಿಯ ಪಕ್ಕದಲ್ಲೇ ಕೂತು, ಮುಟ್ಟಬೇಕೋ ಬಿಡಬೇಕೋ ತಿಳಿಯದೆ ಮಾತಾಡುತ್ತಿದ್ದಾರೆ ಅಂತ ದನಿಯಲ್ಲೇ ಗೊತ್ತಾಗುತ್ತದೆ.

ನಾನು ಕೆಲಸ ಕಲಿತ ಕಡೆ ಒಬ್ಬರು ಹಿರಿಯ ಡಾಕ್ಟರ್ ಇದ್ದರು. ಇಂಥ ಫೋನ್ ಬಂದರೆ ಅವರು ಎಷ್ಟು ಹೊತ್ತು ಅತ್ತಿತು, ಎಷ್ಟು ಜೋರಾಗಿ ಅತ್ತಿತು ಅಂತ ಮೊದಲು ಕೇಳುತ್ತಿರಲಿಲ್ಲ. "ಎದ್ದ ಮೇಲೆ ಹೇಗಿತ್ತು?" ಅಷ್ಟೇ. ಆ ಪ್ರಶ್ನೆಯನ್ನೇ ನಾನೂ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಸಿಕ್ಕಿಲ್ಲ. ನಿದ್ದೆಯಲ್ಲಿ ಬರುವ ಸದ್ದು ಒಂದೊಂದು ಮರಿಗೆ ಒಂದೊಂದು ಥರ. ಏನೂ ತೊಂದರೆ ಇಲ್ಲದ ಮರಿ ಎದೆ ಝಲ್ಲೆನ್ನುವ ಹಾಗೆ ಕಿರುಚಬಹುದು, ನಿಜವಾಗಿ ಫಿಟ್ಸ್ ಬಂದ ಮರಿ ಸದ್ದೇ ಮಾಡದೆ ಇರಬಹುದು. ಎದ್ದ ಮೇಲಿನ ಒಂದೆರಡು ನಿಮಿಷ ಮಾತ್ರ ಅಷ್ಟು ಸುಲಭವಾಗಿ ದಾರಿ ತಪ್ಪಿಸುವುದಿಲ್ಲ.

ಮೊದಲು ನಿದ್ದೆಯೊಳಗೆ ಏನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಇದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ನಾಯಿಗಳಿಗೂ ನಮ್ಮ ಹಾಗೆ ಎರಡು ಬಗೆಯ ನಿದ್ದೆ ಇದೆ. ಒಂದು ಗಾಢ ನಿದ್ದೆ. ಉಸಿರು ನಿಧಾನ, ಮೈ ಸಡಿಲ. ಇನ್ನೊಂದು ರೆಮ್ ನಿದ್ದೆ. ಇದರಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುತ್ತದೆ, ಉಸಿರು ಏರುಪೇರಾಗುತ್ತದೆ, ಮಿದುಳು ಎಚ್ಚರ ಇದ್ದಾಗಿನಷ್ಟೇ ಚುರುಕಾಗಿರುತ್ತದೆ. ಮನುಷ್ಯರಲ್ಲಿ ಇದನ್ನು ಮೊದಲು ಗುರುತಿಸಿ ಬರೆದವರು ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, 1953ರಲ್ಲಿ. ಮಿದುಳು ಇಷ್ಟು ಚುರುಕಾಗಿದ್ದರೂ ನಾವು ಎದ್ದು ಓಡುವುದಿಲ್ಲ ಅಲ್ವಾ? ಕಾರಣ, ಮಿದುಳಿನ ಕಾಂಡದಲ್ಲಿರುವ ಪಾನ್ಸ್ ಎಂಬ ಭಾಗ ಆ ಹೊತ್ತಿಗೆ ಕೈಕಾಲಿನ ಸ್ನಾಯುಗಳಿಗೆ ಬ್ರೇಕ್ ಹಾಕಿರುತ್ತದೆ. ಫ್ರಾನ್ಸಿನ ಲಿಯಾನ್‌ನಲ್ಲಿ ಮಿಷೆಲ್ ಜೂವೆ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಯಿತು. ಆ ಭಾಗಕ್ಕೆ ಏಟು ಬಿದ್ದ ಬೆಕ್ಕುಗಳು ನಿದ್ದೆಯಲ್ಲೇ ಎದ್ದು, ಅಲ್ಲಿಲ್ಲದ ಬೇಟೆಯ ಮೇಲೆ ಎರಗುತ್ತಿದ್ದವು.

ಮರಿಗಳಲ್ಲಿ ಈ ಬ್ರೇಕ್ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮಿದುಳಿನಿಂದ ಹೊರಟ ಆಜ್ಞೆ ಅಷ್ಟಿಷ್ಟು ಮೈಗೆ ತಲುಪಿಬಿಡುತ್ತದೆ. ಮೀಸೆ ಅದುರುತ್ತದೆ. ಬೆರಳು ಬಿಚ್ಚಿ ಮುಚ್ಚುತ್ತದೆ. ಗಂಟಲಿಗೆ ತಲುಪಿದರೆ ಸದ್ದು ಬರುತ್ತದೆ. ಬಾಯಿ ಮುಚ್ಚಿಕೊಂಡೇ ಇರುವುದರಿಂದ ಎಷ್ಟೋ ಸಲ ಅದು ಪೂರ್ತಿ ಬೊಗಳಾಗುವುದಿಲ್ಲ. ಕೆನ್ನೆ ಉಬ್ಬಿ, "ವುಫ್" ಅಂತ ಒಳಗೇ ಉಳಿಯುತ್ತದೆ. ಕೆಲವೊಮ್ಮೆ ಬಾಯಿ ತೆರೆದು ಚೀರಿಯೂ ಬಿಡುತ್ತದೆ. ಕೇಳಿದವರಿಗೆ ಯಾರೋ ಕಾಲು ತುಳಿದ ಹಾಗೆ ಅನ್ನಿಸುತ್ತದೆ, ಮರಿಗೆ ಮಾತ್ರ ಏನೂ ಆಗಿರುವುದಿಲ್ಲ.

ಇನ್ನೊಂದು ವಿಷಯ. ಮರಿಗಳು ದಿನಕ್ಕೆ 18ರಿಂದ 20 ಗಂಟೆ ಮಲಗುತ್ತವೆ. ಎಳೆಯ ವಯಸ್ಸಿನಲ್ಲಿ ಆ ನಿದ್ದೆಯಲ್ಲಿ ರೆಮ್ ಪಾಲು ದೊಡ್ಡ ನಾಯಿಗಳಿಗಿಂತ ಜಾಸ್ತಿ. ಮನುಷ್ಯರ ಕೂಸೂ ಹಾಗೇ, ಹುಟ್ಟಿದ ಹೊಸತರಲ್ಲಿ ನಿದ್ದೆಯ ಸುಮಾರು ಅರ್ಧ ರೆಮ್. ಬೆಳೆಯುವ ಮಿದುಳಿಗೆ ಈ ನಿದ್ದೆ ಬೇಕು ಅಂತ ಹೊವರ್ಡ್ ರಾಫ್‌ವಾರ್ಗ್ ಮತ್ತು ಸಂಗಡಿಗರು 1966ರಲ್ಲೇ ವಾದಿಸಿದ್ದರು. ಆಮೇಲೆ ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ಅವರ ತಂಡ ಇಲಿಮರಿಗಳಲ್ಲಿ ನಿದ್ದೆಯ ಅದುರುವಿಕೆಯನ್ನೇ ಹಿಡಿದು ನೋಡಿತು. ಒಂದೊಂದು ಅದುರುವಿಕೆಗೂ ಆ ಅಂಗದಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಯಾವ ಕಾಲು ಎಲ್ಲಿದೆ, ಅದನ್ನು ಆಡಿಸಿದರೆ ಹೇಗನ್ನಿಸುತ್ತದೆ ಅಂತ ಮಿದುಳು ಹೀಗೆ ಕಲಿಯುತ್ತದೆ. ನನಗೆ ಈ ವಿಷಯ ಓದಿದಾಗ ಆದ ಖುಷಿ ಇನ್ನೂ ಹೋಗಿಲ್ಲ. ಗಾಬರಿಯಾದವರಿಗೆ ಇದನ್ನು ಹೇಳಿದರೆ ಮರಿಯನ್ನು ನೋಡುವ ಅವರ ಕಣ್ಣೇ ಬದಲಾಗುತ್ತದೆ.

"ಹಾಗಾದ್ರೆ ಕೆಟ್ಟ ಕನಸಾ?" ಇದು ಮುಂದಿನ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಕಥೆ ಇರುತ್ತದೆ. ಅಮ್ಮನನ್ನು ಬಿಟ್ಟು ಬಂದಿದೆ, ಅದನ್ನೇ ನೆನೆಸಿಕೊಂಡು ಅಳುತ್ತಿದೆ ಅಂತ. ನಾಯಿಯ ಕನಸಿನೊಳಗೆ ಇಣುಕಿ ನೋಡಿದವರು ಯಾರೂ ಇಲ್ಲ. ಆದರೆ ಪ್ರಾಣಿಗಳ ಮಿದುಳು ನಿದ್ದೆಯಲ್ಲಿ ಹಗಲಿನ ಅನುಭವವನ್ನು ಮತ್ತೆ ಓಡಿಸುತ್ತದೆ ಅನ್ನುವುದಕ್ಕೆ ಆಧಾರ ಇದೆ. ಅಮೆರಿಕದ ಎಂಐಟಿಯ ಕೆನ್ವೇ ಲೂಯಿ ಮತ್ತು ಮ್ಯಾಥ್ಯೂ ವಿಲ್ಸನ್ 2001ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಹಗಲು ದುಂಡಗಿನ ದಾರಿಯಲ್ಲಿ ಓಡಿದಾಗ ಮಿದುಳಿನಲ್ಲಿ ಮೂಡಿದ ಮಾದರಿಯೇ ರೆಮ್ ನಿದ್ದೆಯಲ್ಲೂ ಮೂಡಿತು. ಹಾಗಾಗಿ ಮರಿಯೂ ಹಗಲಿನ ಆಟವನ್ನೋ, ಹೊಸ ಮನೆಯ ಗದ್ದಲವನ್ನೋ ನಿದ್ದೆಯಲ್ಲಿ ಮತ್ತೆ ಕಾಣುತ್ತಿರಬಹುದು. ಅಳುವಿನ ಸದ್ದು ಬಂದ ಮಾತ್ರಕ್ಕೆ ಅದು ದುಃಖ ಅಂತ ತೀರ್ಮಾನಿಸಬೇಡಿ ಅಂತಷ್ಟೇ ನಾನು ಹೇಳುವುದು. ಆಟ ಆಡುವಾಗಲೂ ಮರಿಗಳು ಕುಂಯ್‌ಗುಡುತ್ತವೆ.

ಈಗ ವಿಡಿಯೋ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸವನ್ನು ಇದರಷ್ಟು ಸುಲಭ ಮಾಡಿದ್ದು ಬೇರೆ ಯಾವುದೂ ಇಲ್ಲ. ಹಿಂದೆ ಮನೆಯವರು ಕೈಕಾಲು ಆಡಿಸಿ ತೋರಿಸುತ್ತಿದ್ದರು, ನಾವು ಊಹಿಸುತ್ತಿದ್ದೆವು. ಈಗ ಫೋನ್ ಕೈಯಲ್ಲೇ ಇದೆ. ಆದರೆ ಬರುವ ವಿಡಿಯೋಗಳಲ್ಲಿ ಬಹಳಷ್ಟು ಮರಿಯ ಮುಖ ಮಾತ್ರ ತೋರಿಸಿ ಹತ್ತು ಸೆಕೆಂಡಿಗೆ ನಿಂತುಬಿಡುತ್ತವೆ. ನನಗೆ ಬೇಕಾದದ್ದು ಇಡೀ ಮೈ, ಹಿಂಗಾಲು ಬಾಲ ಸೇರಿ. ಮಧ್ಯೆ ಒಂದು ಸಲ ಮೆತ್ತಗೆ ಹೆಸರು ಹಿಡಿದು ಕರೆಯಿರಿ. ಎದ್ದ ಮೇಲೂ ಒಂದೆರಡು ನಿಮಿಷ ರೆಕಾರ್ಡಿಂಗ್ ನಿಲ್ಲಿಸಬೇಡಿ. ಕೊನೆಯ ಈ ಭಾಗವೇ ಮುಖ್ಯ.

ಎರಡು ವಿಡಿಯೋ ನನ್ನ ತಲೆಯಲ್ಲಿ ಅಕ್ಕಪಕ್ಕ ಕೂತಿವೆ. ಒಂದರಲ್ಲಿ ಲ್ಯಾಬ್ರಡಾರ್ ಮರಿ ಮಗ್ಗುಲಾಗಿ ಮಲಗಿದೆ. ಮೇಲ್ತುಟಿ ಒಂದು ಕಡೆ ಮಾತ್ರ ಸೆಟೆಯುತ್ತದೆ. ಮುಂಗಾಲು ಎರಡು ಸಲ ಅದುರಿ ನಿಲ್ಲುತ್ತದೆ, ಆಮೇಲೆ ಹಿಂಗಾಲು, ಆಮೇಲೆ ಬಾಲದ ತುದಿ ನೆಲಕ್ಕೆ ಟಪ್ ಅಂತ ಬಡಿಯುತ್ತದೆ. ಒಂದಕ್ಕೊಂದು ಲೆಕ್ಕ ಇಲ್ಲ, ತಾಳ ಇಲ್ಲ. ನಡುವೆ ಎರಡು ಸಣ್ಣ ಕೂಗು, ಒಂದು ದೊಡ್ಡ ಚೀರು. ಹೆಸರು ಕರೆದ ತಕ್ಷಣ ಕಣ್ಣು ಬಿಟ್ಟು, ಕರೆದವರನ್ನು ನೋಡಿ, ಬಾಲ ಆಡಿಸಿ, ಆಕಳಿಸಿ ಮತ್ತೆ ತಲೆ ಇಟ್ಟಿತು. ಇದಕ್ಕೆ ಯಾವ ಚಿಕಿತ್ಸೆಯೂ ಬೇಡ.

ಇನ್ನೊಂದು ಬೆಳಗಿನ ಜಾವದ ವಿಡಿಯೋ. ಅಂಗೈಯಗಲದ ಪುಟ್ಟ ತಳಿಯ ಮರಿ. ಸದ್ದೇ ಇಲ್ಲ. ಕತ್ತು ಹಿಂದಕ್ಕೆ ಸೆಟೆದಿದೆ. ನಾಲ್ಕೂ ಕಾಲು ಒಂದೇ ತಾಳಕ್ಕೆ ಈಜಿದ ಹಾಗೆ ಆಡುತ್ತಿವೆ, ಕಣ್ಣು ಬಿಟ್ಟಿದೆ, ದವಡೆ ಕಟಕಟ ಅನ್ನುತ್ತಿದೆ, ಜೊಲ್ಲು ಸುರಿಯುತ್ತಿದೆ. ಹಾಸಿಗೆ ಒದ್ದೆ. ಮನೆಯವರು ಎಷ್ಟು ಕರೆದರೂ ಗಮನ ಇಲ್ಲ. ಅದುರು ನಿಂತ ಮೇಲೆ ಎದ್ದು ಓಡಾಡಿತು, ಆದರೆ ಕುರ್ಚಿಯ ಕಾಲಿಗೆ ಹೋಗಿ ಗುದ್ದಿಕೊಂಡಿತು. ಕರೆದ ದನಿ ಎಲ್ಲಿಂದ ಬರುತ್ತಿದೆ ಅಂತಲೂ ಅದಕ್ಕೆ ತಿಳಿಯುತ್ತಿರಲಿಲ್ಲ. ವಿಡಿಯೋ ನೋಡಿದ ಕೂಡಲೇ ಕರೆಸಿಕೊಂಡೆ. ಹಿಂದಿನ ಸಂಜೆಯಿಂದ ಮರಿ ಏನೂ ತಿಂದಿರಲಿಲ್ಲ. ಒಂದು ಹನಿ ರಕ್ತ ತೆಗೆದು ನೋಡಿದರೆ ಸಕ್ಕರೆ ತೀರ ಕೆಳಗಿತ್ತು. ಪುಟ್ಟ ತಳಿಯ ಮರಿಗಳ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ರಾತ್ರಿಯಿಡೀ ಉಪವಾಸ ಬಿದ್ದರೆ ಹೀಗೆ ಆಗಬಹುದು. ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಅವರಿಗೆ ಮಲಗುವ ಮುಂಚೆ ಒಂದು ಸಣ್ಣ ಊಟ ಸೇರಿಸಲು ಹೇಳಿದೆ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಮಾಡಬಹುದಾದ್ದು ಇಷ್ಟು: ಸ್ವಲ್ಪ ಸಕ್ಕರೆ ನೀರು ಅಥವಾ ಜೇನನ್ನು ಒಸಡಿಗೆ ಸವರಿ ಹೊರಡಿ. ದವಡೆ ಕಡಿಯುತ್ತಿದ್ದರೆ ಬೆರಳು ಹಾಕಬೇಡಿ, ಅದುರು ನಿಲ್ಲುವ ತನಕ ಕಾಯಿರಿ. ಗಂಟಲಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಫಿಟ್ಸ್ ಅಂದರೆ ಎಲ್ಲವೂ ಸಕ್ಕರೆಯದ್ದಲ್ಲ. ಊಟ ಆದ ಮೇಲೆ ಮಂಕಾಗುವ, ಬೆಳವಣಿಗೆ ಕುಂಠಿತವಾದ ಮರಿಯಲ್ಲಿ ನಾನು ಲಿವರ್‌ನ ರಕ್ತನಾಳದ ದೋಷ ಇದೆಯಾ ಅಂತ ನೋಡುತ್ತೇನೆ. ಕಾರಣ ಸಿಗದ ಅಪಸ್ಮಾರ ಸಾಮಾನ್ಯವಾಗಿ 6 ತಿಂಗಳಿಂದ 6 ವರ್ಷದೊಳಗೆ ಶುರುವಾಗುತ್ತದೆ, ಮಲಗಿದ್ದಾಗ ಬರುವುದೂ ಅಪರೂಪವಲ್ಲ. ಯಾವುದೇ ಫಿಟ್ಸ್ 5 ನಿಮಿಷ ದಾಟಿದರೆ ಅದು ತುರ್ತು, ವಿಡಿಯೋ ಬಿಟ್ಟು ಗಾಡಿ ಹತ್ತಿ.

ನಾಯಿಗಳಿಗೆ ವೈರಸ್‌ನಿಂದ ಬರುವ ಡಿಸ್ಟೆಂಪರ್ ಕಾಯಿಲೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಲಸಿಕೆ ಆಗದ ಮರಿಗಳಲ್ಲಿ ಇದನ್ನು ನೋಡಿದಾಗ ಈಗಲೂ ಹೊಟ್ಟೆ ಕಿವುಚುತ್ತದೆ. ಈ ಕಾಯಿಲೆ ನರಕ್ಕೆ ಏರಿದಾಗ ಒಂದೇ ಸ್ನಾಯು, ಒಂದೇ ಲಯದಲ್ಲಿ ಅದುರುತ್ತಿರುತ್ತದೆ. ಹಣೆಯ ಪಕ್ಕವೋ, ಒಂದು ಕಾಲೋ. ಮರಿ ಎಚ್ಚರವಾಗಿದ್ದಾಗಲೂ ಅದುರು, ನಿದ್ದೆಯಲ್ಲೂ ಅದೇ ಅದುರು. ಕನಸಿನ ಅದುರು ಊರೆಲ್ಲ ಸುತ್ತುತ್ತದೆ, ಎದ್ದ ಕ್ಷಣ ನಿಲ್ಲುತ್ತದೆ. ಡಿಸ್ಟೆಂಪರ್‌ನ ಅದುರು ಜಾಗ ಬಿಟ್ಟು ಕದಲುವುದಿಲ್ಲ. ಜೊತೆಗೆ ಕಣ್ಣಿನಲ್ಲಿ ಪಿಸುರು, ಮೂಗು ಸುರಿಯುವುದು, ಕೆಮ್ಮು, ಭೇದಿ ಇದ್ದಿದ್ದರೆ ಒಂದು ದಿನವೂ ಕಾಯಬೇಡಿ.

ನೋವಿನ ಅಳುವೂ ಇದೆ. ಅದು ಸಾಮಾನ್ಯವಾಗಿ ಮಗ್ಗುಲು ಬದಲಿಸುವಾಗ ಬರುತ್ತದೆ. ಮರಿ ಚೀರಿ ಎದ್ದು, ಕಾಲನ್ನೋ ಕಿವಿಯನ್ನೋ ನೆಕ್ಕುತ್ತದೆ, ಉಜ್ಜುತ್ತದೆ, ಅಥವಾ ಬೆನ್ನು ಗೂನಾಗಿಸಿ ನಿಲ್ಲುತ್ತದೆ. ಹಗಲೂ ಎತ್ತಿಕೊಂಡರೆ ಅಳುತ್ತದೆ. ದೊಡ್ಡ ತಳಿಯ ಮರಿಗಳಿಗೆ 5 ತಿಂಗಳ ನಂತರ ಮೂಳೆ ನೋವು ಬರುವುದುಂಟು. ಇವತ್ತು ಒಂದು ಕಾಲು ಕುಂಟಿದರೆ ಮುಂದಿನ ವಾರ ಇನ್ನೊಂದು. ಜಂತುಹುಳು ತುಂಬಿ ಹೊಟ್ಟೆ ಉಬ್ಬಿದ ಮರಿಗಳಂತೂ ನೆಮ್ಮದಿಯಾಗಿ ಮಲಗುವುದೇ ಇಲ್ಲ.

ಮನೆಯವರು ಹೆಚ್ಚಾಗಿ ಕಲಸಿಬಿಡುವ ಇನ್ನೊಂದು ಅಳು, ನಿದ್ದೆಯ ನಡುವೆ ಎದ್ದು ಅಳುವುದು. ಕತ್ತು ಎತ್ತಿ, ಕಣ್ಣು ಬಿಟ್ಟು, ಬಾಗಿಲ ಕಡೆ ನೋಡಿ ಕೂಗುತ್ತಿದ್ದರೆ ಅದು ಕನಸಲ್ಲ. ನಿನ್ನೆ ಮೊನ್ನೆಯವರೆಗೆ ಒಡಹುಟ್ಟಿದವರ ಮೈಗೆ ಮೈ ಒತ್ತಿ ಮಲಗಿದ್ದ ಮರಿ ಅದು. ಅಥವಾ ಉಚ್ಚೆಗೆ ಅವಸರ ಆಗಿದೆ. ಎರಡು ತಿಂಗಳ ಮರಿಗೆ ರಾತ್ರಿಯಿಡೀ ತಡೆದುಕೊಳ್ಳಲು ಆಗುವುದಿಲ್ಲ. ಇಂಥ ಅಳುವಿಗೆ ಎದ್ದು ಮರಿಯ ಹತ್ತಿರ ಹೋಗಿ, ಹೊರಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ. "ಅತ್ತರೆ ಅಳಲಿ, ಅಭ್ಯಾಸ ಆಗುತ್ತೆ" ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೊದಲ ಕೆಲವು ದಿನ ಮರಿಯ ಹಾಸಿಗೆ ನಿಮ್ಮ ಕೈಗೆ ಎಟಕುವ ದೂರದಲ್ಲಿರಲಿ. ಆ ಹೊತ್ತಿನಲ್ಲಿ ಅದಕ್ಕೆ ಬೇಕಾದದ್ದು ಒಂದು ಜೀವದ ವಾಸನೆ, ಉಸಿರಾಟದ ಸದ್ದು.

ಕಣ್ಣು ಮುಚ್ಚಿಕೊಂಡೇ ಅಳುತ್ತಿದ್ದರೆ ಮಾತ್ರ ಸುಮ್ನೆ ಬಿಡಿ. ನೋಡಲಾಗದಿದ್ದರೆ ದೂರದಿಂದ ಹೆಸರು ಕರೆಯಿರಿ. ಮೈ ಹಿಡಿದು ಅಲ್ಲಾಡಿಸಬೇಡಿ. ರೆಮ್ ನಿದ್ದೆಯಿಂದ ದಿಢೀರನೆ ಎದ್ದ ನಾಯಿಗೆ ಒಂದು ಕ್ಷಣ ಯಾರು ಏನು ಗೊತ್ತಾಗುವುದಿಲ್ಲ. ಬಾಯಿ ಹಾಕಿಬಿಡುತ್ತದೆ, ಬೇಕಂತ ಅಲ್ಲ. ಮುಖಕ್ಕೆ ಮುಖ ಇಟ್ಟು ಮುದ್ದಿಸಲು ಹೋಗುವ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ನಾನು ಒತ್ತಿ ಹೇಳುತ್ತೇನೆ.

ಇನ್ನೂ ಕಣ್ಣು ಬಿಡದ ಮರಿಗಳ ವಿಷಯ ಬೇರೆ. ಕಣ್ಣು ಬಿಡುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಹಾಲು ಕುಡಿಯುವ ಹೊತ್ತು ಬಿಟ್ಟರೆ ಅವಕ್ಕೆ ನಿದ್ದೆಯೇ ಕೆಲಸ, ಆ ನಿದ್ದೆಯಲ್ಲಿ ಮೈತುಂಬ ಅದುರು. ತಾಯಿ ಹೆತ್ತ ಮನೆಗೆ ನೋಡಲು ಹೋದಾಗ ನಾನು ಸ್ವಲ್ಪ ಹೊತ್ತು ಯಾವ ಮರಿಯನ್ನೂ ಮುಟ್ಟದೆ ನೋಡುತ್ತಾ ಕೂರುತ್ತೇನೆ. ರಾಶಿಯಲ್ಲಿ ಅದುರುತ್ತಾ, ಆಗಾಗ ಕೀಂಯ್ ಅನ್ನುತ್ತಾ ಮಲಗಿರುವ ಮರಿಗಳ ಬಗ್ಗೆ ಚಿಂತೆ ಇಲ್ಲ. ಬದಿಗೆ ಸರಿದು, ಅದುರದೆ, ಸದ್ದಿಲ್ಲದೆ ಬಿದ್ದಿರುವ ಮರಿಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಬಾಯೊಳಗೆ ಬೆರಳಿಟ್ಟರೆ ಆಗಾಗ ತಣ್ಣಗಿರುತ್ತದೆ, ಚೀಪುವುದಿಲ್ಲ. ಮೊದಲ ವಾರಗಳಲ್ಲಿ ಮರಿಗಳಿಗೆ ತಮ್ಮ ಮೈಯ ಬಿಸಿ ತಾವೇ ಕಾಯ್ದುಕೊಳ್ಳಲು ಬರುವುದಿಲ್ಲ. ಅಂಥ ಮರಿಗೆ ಮನೆಯವರು ಗಾಬರಿಯಿಂದ ಮೊದಲು ಹಾಲು ಹಾಕಲು ಹೋಗುತ್ತಾರೆ. ಮೈ ತಣ್ಣಗಿದ್ದಾಗ ಕರುಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಕುಡಿಸಿದ ಹಾಲು ಜೀರ್ಣವಾಗದೆ ಕೂರುತ್ತದೆ. ಮೊದಲು ನಿಧಾನವಾಗಿ ಬಿಸಿ ಮಾಡಬೇಕು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು, ಸುಡದ ಹಾಗೆ. ಬಾಯಿ ಬೆಚ್ಚಗಾಗಿ, ಬೆರಳು ಚೀಪಲು ಶುರು ಮಾಡಿದ ಮೇಲೆ ಹಾಲು.