ಎರಡು ಟೈಲ್ಸ್ ಬಿಸಿಲು

ಈಗ ಧನುರ್ಮಾಸ. ಬೆಳಗ್ಗೆ 5 ಗಂಟೆಗೆ ನಮ್ಮ ಬೀದಿಯ ದೇವಸ್ಥಾನದ ಮೈಕು ಏಳುತ್ತದೆ. ನಮ್ಮನೆಯ ಮೈಕು, ಅಂದರೆ ಪುಟ್ಟ ಮಗಳು, ಅದಕ್ಕಿಂತ ಅರ್ಧ ಗಂಟೆ ಮುಂಚೆ.

ಬಾಲ್ಕನಿಗೆ ಬಿಸಿಲು ಬರುವುದು 9:20ಕ್ಕೆ. ಹತ್ತು ಗಂಟೆಗೆಲ್ಲ ಎದುರಿನ ಕಟ್ಟಡ ಅದನ್ನು ನುಂಗಿ ಹಾಕುತ್ತದೆ. ಬೀಳುವುದೂ ಎಷ್ಟು ಅಂತೀರಿ? ಸರಿಯಾಗಿ ಎರಡು ಟೈಲ್ಸ್ ಅಗಲ.

ಅಷ್ಟಕ್ಕೇ ಜಗಳ. ಎಣ್ಣೆ ಹಚ್ಚಿದ ಮಗು ಅಲ್ಲೇ ಮಲಗಬೇಕು. ರಾತ್ರಿಯಿಂದ ಒದ್ದೆಯಾದ ಲಂಗೋಟಿಗಳು ಅಲ್ಲೇ ಒಣಗಬೇಕು. ಅಮ್ಮ ಹಿತಕಿದ ಬೇಳೆಗೆ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಅಲ್ಲೇ ಕೂರಬೇಕು. ಇವರು ಕಾಫಿ ಲೋಟ ಹಿಡಿದು "ನನಗೂ ವಿಟಮಿನ್ ಡಿ ಬೇಕಲ್ವಾ" ಅಂತ ಬಂದು ನಿಲ್ಲುತ್ತಾರೆ. ನಿಂತರೆ ನೆರಳು ಮಗುವಿನ ಮೇಲೆ!

ಇವತ್ತು ಬಿಸಿಲು ಸರಿದ ಹಾಗೆ ನಾವೂ ಚಾಪೆ ಎಳೆದೆವು. ಚಾಪೆ ಜೊತೆ ಮಗು, ಅದರ ಹಿಂದೆ ಅಮ್ಮ, ಅವರೆಕಾಳು. ಕೊನೆಗೆ ಎಲ್ಲರೂ ವಾಷಿಂಗ್ ಮೆಷಿನ್ ಪಕ್ಕದ ಮೂಲೆಯಲ್ಲಿ. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು.

ಮಗಳು ಒಂದು ಕಾಲುಚೀಲ ಒದ್ದು ಬಿಸಾಕಿದ್ದಳು. ಆ ಪುಟ್ಟ ಪಾದ ಮುಟ್ಟಿ ನೋಡಿದೆ. ಬಿಸಿಬಿಸಿ, ಆಗಷ್ಟೇ ಇಳಿಸಿದ ಇಡ್ಲಿ ಥರ.

ಊರಲ್ಲಿ ಇಡೀ ಅಂಗಳ ಬಿಸಿಲಿತ್ತು. ಅಲ್ಲಿ ಹೀಗೆ ಒತ್ತೊತ್ತಾಗಿ ಯಾವತ್ತು ಕೂತಿದ್ದೆವು? ನೆನಪಾಗಲಿಲ್ಲ. ಅಮ್ಮನನ್ನು ಕೇಳಿದೆ.

"ಸುಮ್ನೆ ಕಾಳು ಹಿತುಕು, ಬಿಸಿಲು ಹೋಗತ್ತೆ" ಅಂದಳು.

ಇನ್ನೊಂದು ವಿಷಯ. ಆ ಕಾಲುಚೀಲ ಇನ್ನೂ ಸಿಕ್ಕಿಲ್ಲ. ಅವರೆ ಸಿಪ್ಪೆ ಜೊತೆ ಕಸಕ್ಕೆ ಹೋಯಿತೇನೋ ಅಂತ ಅನುಮಾನ.